ಮೂರು ನಿಮಿಷದ ಭಾಷಣ, ಗುರುಬಾಯಿಯ ಎರಡು ಮಾತು

ಬಸವನ ಬಾಗೇವಾಡಿ: ಹೊರಡುವ ಮುಂಚೆ

ವಿದೇಶಕ್ಕೆ ಹೋಗಿ ಬಂದವರು ಬರೆಯಲು ಕೂತರೆ ಮೊದಲು ವಿಮಾನದ ಕಿಟಕಿಯಿಂದ ಮೋಡ ತೋರಿಸುತ್ತಾರೆ. ನನಗೆ ಸಿಕ್ಕದ್ದು ನಡುವಿನ ಸೀಟು. ಕಿಟಕಿಯ ಕಡೆ ನನ್ನ ನೆಗೆಣ್ಣಿ ಗುರುಬಾಯಿ ಕೂತಿದ್ದಳು, ಹೊರಗೆ ನೋಡಿದರೆ ತಲೆ ತಿರುಗುತ್ತದೆ ಎಂದು ಪರದೆ ಎಳೆದು ಅದರ ಮೇಲೆ ಕೈಯಿಟ್ಟಿದ್ದಳು. ಆದ್ದರಿಂದ ಮೋಡ ಇಲ್ಲ. ಮೋಡ ಬೇಕಾದವರು ಬೇರೆಯವರನ್ನು ಓದಬಹುದು.

ನನ್ನ ಪರಿಚಯ ಹೇಳಿಕೊಳ್ಳಬೇಕು, ಯಾಕೆಂದರೆ ಬೇರೆಯವರ ಪರಿಚಯ ಹೇಳುವುದರಲ್ಲೇ ನನ್ನ ಆಯುಷ್ಯ ಕಳೆದಿದೆ. ಹೆಸರು ಸುಶೀಲಾ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಆದರೆ ನಮ್ಮ ಕಡೆ ಜನ ನನ್ನನ್ನು ಬಲ್ಲದ್ದು ಪಾಠದಿಂದಲ್ಲ, ಮೈಕಿನಿಂದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಚಡಚಣ, ಎಲ್ಲಿ ಪೆಂಡಾಲು ಬಿದ್ದರೂ ಅಲ್ಲಿ ನಿರೂಪಣೆಗೆ ನಾನೇ. ಇದು ಸಣ್ಣ ವಿದ್ಯೆ ಎಂದು ತಿಳಿಯಬೇಡಿ. ವೇದಿಕೆಯ ಮೇಲೆ ಹದಿನೈದು ಜನ ಕೂತಿದ್ದರೆ ಯಾರ ಹೆಸರು ಯಾರ ನಂತರ ಬರಬೇಕು ಎಂಬುದು ಒಂದು ಶಾಸ್ತ್ರ. ಮಾಜಿಯನ್ನು ಹಾಲಿಯ ಮುಂದೆ ಓದಿದರೆ ಹಾಲಿ ಮುನಿಸಿಕೊಳ್ಳುತ್ತಾರೆ. ಹಾಲಿಯನ್ನು ಮುಂದೆ ಓದಿದರೆ ಮಾಜಿ ಎದ್ದೇ ಹೋಗುತ್ತಾರೆ. ನಲವತ್ತು ವರ್ಷದಲ್ಲಿ ನನ್ನ ಕಾರ್ಯಕ್ರಮದಲ್ಲಿ ಒಂದು ಕುರ್ಚಿಯೂ ಹಾರಿಲ್ಲ. ಇದಕ್ಕೆ ಕಾರಣ ನನ್ನ ಹತ್ತಿರ ಇರುವ ಒಂದು ಮಂತ್ರ: ‘ಸಮಯದ ಅಭಾವದಿಂದ’. ಯಾರನ್ನಾದರೂ ಕೈಬಿಡಬೇಕಾದರೆ ನಗುತ್ತ ಆ ಎರಡು ಶಬ್ದ ಹೇಳಿದರೆ ಸಾಕು. ಸಮಯಕ್ಕೆ ಯಾರೂ ಬೈಯುವುದಿಲ್ಲ.

ಗುರುಬಾಯಿ ನನ್ನ ಭಾವನವರ ಹೆಂಡತಿ. ಮಸೂತಿಯಿಂದ ಗೊಳಸಂಗಿಯ ಕಡೆ ಹೋಗುವಾಗ ಸಿಗುವ ನಮ್ಮ ಸಣ್ಣ ಊರಿನಲ್ಲಿ ಹೊಲ ಮಾಡಿಕೊಂಡಿದ್ದಾಳೆ. ಅವಳಿಗೆ ಓದು ಬರಹ ಬರುವುದಿಲ್ಲ. ಅವಳ ಒಬ್ಬನೇ ಮಗ ಸಂಗಮೇಶ ಸೈನ್ಯ ಸೇರಿ, ಗಡಿಯ ಬೆಟ್ಟದಲ್ಲಿ ಹಿಮ ಕುಸಿದು ಹೋದ. ನನ್ನನ್ನು ಚಿಗವ್ವಾ ಎಂದು ಕರೆಯುತ್ತಿದ್ದ ಹುಡುಗ. ನನ್ನ ಕೈಯಲ್ಲೇ ಕನ್ನಡ ಕಲಿತು, ನನ್ನ ಕೈಯಲ್ಲೇ ಕಿವಿ ಹಿಂಡಿಸಿಕೊಂಡವನು.

ಎರಡು ವರ್ಷದ ಹಿಂದೆ ಊರಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ಅನಾವರಣ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು ಎಂದು ಹನ್ನೊಂದು ಹೆಸರು ಬಂಗಾರದ ಬಣ್ಣದಲ್ಲಿದೆ. ಸತ್ತವನ ಹೆಸರೂ ಇದೆ, ಬಗ್ಗಿ ನೋಡಿದರೆ ಕಾಣುತ್ತದೆ. ಆ ಕಾರ್ಯಕ್ರಮದ ನಿರೂಪಣೆಯೂ ನನ್ನದೇ. ಪಟ್ಟಿಯ ಒಂಬತ್ತನೆಯ ಸಾಲು: ‘ಹುತಾತ್ಮನ ತಾಯಿಯವರಿಂದ ಎರಡು ಮಾತು’. ಗುರುಬಾಯಿ ಒಂದು ವಾರ ದನದ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ನಿಂತು ಆ ಎರಡು ಮಾತು ರೂಢಿ ಮಾಡಿದ್ದಳು. ಏನು ಎಂದು ಯಾರಿಗೂ ಹೇಳಿರಲಿಲ್ಲ. ಎಮ್ಮೆಗೆ ಗೊತ್ತಿತ್ತು.

ಭಾಷಣಗಳು ಉದ್ದವಾದವು. ಮುಖ್ಯ ಅತಿಥಿಗಳು ಮುದ್ದೇಬಿಹಾಳದಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಹಿಂದಿನಿಂದ ಯಾರೋ ‘ಅಕ್ಕೋರ, ಜಲ್ದಿ ಮುಗಸ್ರಿ’ ಅಂದರು. ಏನು ತೆಗೆಯಬೇಕು ಎಂದು ಅವರು ಹೇಳಲಿಲ್ಲ. ದಾನಿಗಳ ಸನ್ಮಾನ ತೆಗೆಯಬಹುದಿತ್ತು, ಆದರೆ ದಾನಿಗಳು ಜಗಳಾಡುತ್ತಾರೆ. ಹಾಡು ತೆಗೆಯಬಹುದಿತ್ತು, ಹಾಡುವವಳು ಅಧ್ಯಕ್ಷರ ಸೊಸೆ. ನಾನು ಪೆನ್ನು ತೆಗೆದು ಒಂಬತ್ತನೆಯ ಸಾಲಿನ ಮೇಲೆ ಗೀಟು ಹೊಡೆದೆ. ಮಗ್ಗುಲಲ್ಲೇ ಕೂತಿದ್ದ ಗುರುಬಾಯಿಗೆ, ಸಾಹೇಬರ ಕಡೆಯವರು ಬೇಡ ಅಂದರು, ಅವರಿಗೆ ಮದುವೆಗೆ ಹೊತ್ತಾಯಿತಂತೆ ಎಂದು ಹೇಳಿದೆ. ಅವಳು ‘ಹೌದೇನ’ ಅಂದು ಸೆರಗು ಸರಿ ಮಾಡಿಕೊಂಡಳು.

ಹೀಗಿರುವಾಗ ಅಮೆರಿಕದ ಒಂದು ಕನ್ನಡ ಬಳಗದವರಿಗೆ ತಮ್ಮ ಸಮ್ಮೇಳನದಲ್ಲಿ ಒಬ್ಬ ವೀರಮಾತೆಯನ್ನು ಸನ್ಮಾನಿಸಬೇಕು ಎನಿಸಿತು. ಗುರುಬಾಯಿಗೆ ಕರೆ ಬಂತು. ಜೊತೆಗೆ ಒಬ್ಬರು ಬರಬಹುದು, ಇಂಗ್ಲಿಷ್ ಬಲ್ಲ ಒಬ್ಬ ಹೆಣ್ಣುಮಗಳನ್ನು ನಾವೇ ಕೊಡುತ್ತೇವೆ ಎಂದರು. ಗುರುಬಾಯಿ ಒಂದೇ ಹಟ ಹಿಡಿದಳು: ‘ಸುಸೀಲಾ ಬಂದ್ರ ಬರ್ತೇನಿ. ಇಲ್ಲಂದ್ರ ಇಲ್ಲ.’

ನನಗೆ ಹಿಗ್ಗು ತಡೆಯಲಾಗಲಿಲ್ಲ. ನನ್ನ ಇಂಗ್ಲಿಷಿನ ಮೇಲೆ ಅವಳಿಗೆ ಇಷ್ಟು ಭರವಸೆ ಇದೆಯಲ್ಲ ಎಂದುಕೊಂಡೆ. ನನ್ನ ಇಂಗ್ಲಿಷ್ ಚೆನ್ನಾಗಿಯೇ ಇದೆ, ಎದುರಿನವರು ಉತ್ತರ ಕೊಡುವವರೆಗೆ.

ಸಮ್ಮೇಳನದ ಪಟ್ಟಿಯಲ್ಲಿ ‘ವೀರಮಾತೆಯವರಿಂದ ಎರಡು ಮಾತು’ ಎಂದು ಅಚ್ಚಾಗಿತ್ತು. ಗುರುಬಾಯಿ ಆ ಸಾಲನ್ನು ಮೂರು ಸಲ ಓದಿಸಿಕೊಂಡಳು, ಅದು ಎಲ್ಲಿದೆ ಎಂದು ಬೆರಳಿಟ್ಟು ನೋಡಿಕೊಂಡಳು, ಹಾಳೆಯನ್ನು ಮಡಚಿ ಎಲೆಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡಳು.

ಅಮೆರಿಕದ ಬಾಗಿಲು

ಇಳಿದ ಕೂಡಲೇ ಒಂದು ನಾಯಿ ಬಂದು ನಮ್ಮ ಚೀಲ ಮೂಸಿತು. ನಮ್ಮೂರ ನಾಯಿಗಳೂ ಮೂಸುತ್ತವೆ, ಆದರೆ ಅವುಗಳ ಹಿಂದೆ ಅಧಿಕಾರಿ ಇರುವುದಿಲ್ಲ. ಚೀಲ ಬಿಚ್ಚಿಸಿದರು. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಕೆಳಗೆ ಹಳೆಯ ಸುದ್ದಿಪತ್ರದಲ್ಲಿ ಸುತ್ತಿದ ಬಿಳಿಯ ಗಟ್ಟಿಗಳು.

ಅಧಿಕಾರಿ ಮೊದಲು ರೊಟ್ಟಿಯನ್ನು ಬೆರಳಿನಿಂದ ತಟ್ಟಿದ. ಸಪ್ಪಳ ಬಂತು. ಇನ್ನೊಮ್ಮೆ ತಟ್ಟಿದ. ಇದನ್ನು ತಿನ್ನುತ್ತಾರೆ ಎಂದು ನಾನು ಹೇಳಿದ್ದನ್ನು ಅವನು ನಂಬಲಿಲ್ಲ. ಗುರುಬಾಯಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕರುಂ ಕರುಂ ಅಗಿದು ತೋರಿಸಿದಳು. ಅವನು ರೊಟ್ಟಿಯ ವಿಷಯ ಬಿಟ್ಟು ಬಿಳಿ ಗಟ್ಟಿಗೆ ಬಂದ. ವಿಭೂತಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಬೂದಿ ಅಂದೆ. ಅವನ ಮುಖ ಗಂಭೀರವಾಯಿತು. ಯಾರ ಬೂದಿ ಎಂದು ಕೇಳಿದ.

ನಮ್ಮ ಕಡೆ ಕಚೇರಿಗೆ ಹೋದರೆ ‘ನೀವು ಯಾರ ಕಡೆಯವರು’ ಎಂದು ಕೇಳುತ್ತಾರೆ. ಇಲ್ಲಿ ಬೂದಿ ಯಾರದು ಎಂದು ಕೇಳುತ್ತಾರೆ. ಆಕಳದು ಅಂದೆ. ಆಕಳನ್ನು ಸುಟ್ಟಿರಾ ಎಂದು ಕೇಳಿದ. ಇಲ್ಲಪ್ಪ, ಆಕಳು ಮನೆಯಲ್ಲಿ ಸುಖವಾಗಿದೆ, ಸುಟ್ಟದ್ದು ಅದರ ಸಗಣಿ ಅಂದೆ. ಇದರಿಂದ ವಿಷಯ ಸುಧಾರಿಸಲಿಲ್ಲ. ಅವನಿಗಿಂತ ದೊಡ್ಡ ಅಧಿಕಾರಿ ಬಂದರು. ಅಷ್ಟರಲ್ಲಿ ಗುರುಬಾಯಿ ಬೆರಳು ಒದ್ದೆ ಮಾಡಿ, ಗಟ್ಟಿಗೆ ಒತ್ತಿ, ತನ್ನ ಹಣೆಗೆ ಮೂರು ಗೆರೆ ಎಳೆದುಕೊಂಡು, ಅದೇ ಬೆರಳನ್ನು ದೊಡ್ಡ ಅಧಿಕಾರಿಯ ಹಣೆಯ ಕಡೆಗೆ ಚಾಚಿದಳು. ಆತ ಒಂದು ಹೆಜ್ಜೆ ಹಿಂದೆ ಸರಿದ. ಅರ್ಧ ತಾಸು ಯಂತ್ರದಲ್ಲಿಟ್ಟು ಪರೀಕ್ಷೆ ಮಾಡಿ, ಒಂದು ಗಟ್ಟಿ ಮಾತ್ರ ಕೊಟ್ಟು, ಉಳಿದ ಗಟ್ಟಿಗಳನ್ನು ಇಟ್ಟುಕೊಂಡು, ದಿನ ಚೆನ್ನಾಗಿರಲಿ ಎಂದು ಹಾರೈಸಿ ಕಳಿಸಿದರು. ಈ ದೇಶದಲ್ಲಿ ಏನನ್ನು ಕಸಿದುಕೊಂಡರೂ ದಿನ ಚೆನ್ನಾಗಿರಲಿ ಎಂದು ಹಾರೈಸದೆ ಬಿಡುವುದಿಲ್ಲ.

ಶಿವಾನಂದರ ಹುಲ್ಲು

ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡವರು ಬಳಗದ ಮುಖ್ಯಸ್ಥರಾದ ಶಿವಾನಂದ ಅವರು. ಮೂಲ ಸಿಂದಗಿ. ನಲವತ್ತು ವರ್ಷದ ಹಿಂದೆ ಬಂದವರು. ಬರುವಾಗ ಸಿಂದಗಿಯ ಮಾತನ್ನು ಹೇಗೆ ಕಟ್ಟಿ ತಂದಿದ್ದರೋ ಹಾಗೇ ಇಟ್ಟುಕೊಂಡಿದ್ದಾರೆ. ಈಗಿನ ಸಿಂದಗಿಯವರು ‘ಸೂಪರ್’ ಅನ್ನುವಾಗ ಇವರು ಇನ್ನೂ ‘ಭೇಷ್’ ಅನ್ನುತ್ತಾರೆ. ಒಳ್ಳೆಯ ಮನುಷ್ಯ. ಒಂದೇ ರೋಗ, ಭಾಷಣ.

ಅವರ ಮನೆಯ ಮುಂದೆ ದೊಡ್ಡ ಹುಲ್ಲಿನ ಬಯಲು. ಗುರುಬಾಯಿ ಎಮ್ಮೆ ಎಲ್ಲಿ ಎಂದು ಕೇಳಿದಳು. ಎಮ್ಮೆ ಇಲ್ಲ. ಹುಲ್ಲನ್ನು ಪ್ರತಿ ಶನಿವಾರ ಶಿವಾನಂದರೇ ಯಂತ್ರದಿಂದ ಕೊಯ್ದು, ಚೀಲ ತುಂಬಿ, ಕಸದವರಿಗೆ ಕೊಡುತ್ತಾರೆ. ನೀರು ಹಾಕುವವರೂ ಅವರೇ, ಗೊಬ್ಬರ ಹಾಕುವವರೂ ಅವರೇ. ಅವಳು ಸ್ವಲ್ಪ ಹೊತ್ತು ಅವರನ್ನು ಕನಿಕರದಿಂದ ನೋಡಿದಳು. ಆಮೇಲೆ ನನ್ನ ಕಿವಿಯಲ್ಲಿ, ಇಷ್ಟು ಓದಿದವನಿಗೆ ಯಾರೂ ಬುದ್ಧಿ ಹೇಳುವವರಿಲ್ಲವೇನೋ ಪಾಪ ಅಂದಳು.

ಸಮ್ಮೇಳನದ ಮಂಟಪ

ಏಳು ಸಮುದ್ರ ದಾಟಿ ಬಂದು ನಾನು ಕಂಡದ್ದು ನಮ್ಮ ಇಂಡಿಯ ಪೆಂಡಾಲನ್ನೇ. ವ್ಯತ್ಯಾಸವೆಂದರೆ ಇದಕ್ಕೆ ಥಂಡಿ ಗಾಳಿ ಬಿಟ್ಟಿದ್ದರು ಮತ್ತು ದೀಪ ಬೆಳಗುವಂತಿರಲಿಲ್ಲ. ಬೆಂಕಿ ಹಚ್ಚಿದರೆ ಛಾವಣಿಯಿಂದ ನೀರು ಸುರಿಯುತ್ತದಂತೆ. ಆದ್ದರಿಂದ ಏಳು ಜನ ಗಣ್ಯರು ಒಬ್ಬರ ಕೈಯ ಮೇಲೆ ಒಬ್ಬರು ಕೈಯಿಟ್ಟು ಒಂದು ಬಟನ್ ಒತ್ತಿದರು. ಬಲ್ಬು ಹೊತ್ತಿತು. ಕತ್ತಲೆಯಿಂದ ಬೆಳಕಿನೆಡೆಗೆ ಎಂಬ ಅರ್ಥದ ಶ್ಲೋಕ ಹಾಡಿದರು.

ಪ್ರಾಯೋಜಕರ ಹೆಸರು ಓದುವುದೇ ಒಂದು ಗೋಷ್ಠಿಯಾಯಿತು. ಚಿನ್ನದ ಅಂಗಡಿಯವರು, ಮನೆ ಮಾರುವವರು, ದೋಸೆ ಹಿಟ್ಟಿನವರು. ಗುರುಬಾಯಿ ಮುಂದಿನ ಸಾಲಿನಲ್ಲಿ ಕೂತು ಚಂಚಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಕೊನೆಗೂ ಕರೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋಕ್ಕೆ ಎಂದು ಬುಟ್ಟಿಯನ್ನು ಎರಡು ಸಲ ಕಸಿದು ಎರಡು ಸಲ ಕೊಟ್ಟರು. ಶಿವಾನಂದರು ಮೈಕು ಹಿಡಿದು, ಒಬ್ಬನೇ ಮಗನನ್ನು ನಗುನಗುತ್ತ ದೇಶಕ್ಕೆ ಕೊಟ್ಟ ತಾಯಿ ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಲವರು ಕಣ್ಣು ಒರೆಸಿಕೊಂಡರು. ಗುರುಬಾಯಿ ತಿರುಗಿ ನನ್ನನ್ನು ನೋಡಿದಳು. ನಾನು ಹಣ್ಣಿನ ಬುಟ್ಟಿ ನೋಡಿದೆ.

ಚಪ್ಪಾಳೆ ನಿಂತ ಮೇಲೆ ಅವಳು ಚಂಚಿ ಬಿಚ್ಚಿ ಹಾಳೆ ತೆಗೆದು ಮೈಕಿನ ಹತ್ತಿರ ಹೋದಳು. ಓದಲಿಕ್ಕಲ್ಲ. ತನ್ನ ಸಾಲು ಅದರಲ್ಲಿದೆ ಎಂದು ತೋರಿಸಲಿಕ್ಕೆ. ನಿರೂಪಣೆಯ ಹೆಣ್ಣುಮಗಳು ರೇಷ್ಮೆ ಸೀರೆಯಲ್ಲಿ ಮುಂದೆ ಬಂದು, ಬಹಳ ಚೆಂದ ನಕ್ಕು, ಅವಳ ಹೆಗಲ ಮೇಲೆ ಕೈಯಿಟ್ಟು, ‘ಸಮಯದ ಅಭಾವದಿಂದ’ ಅಂದಳು. ಹಿಂದೆ ಹಾಡು ಶುರುವಾಯಿತು, ನೃತ್ಯದವರು ಓಡಿ ಬಂದರು.

ಆ ನಗು ನನಗೆ ಗೊತ್ತು. ನಲವತ್ತು ವರ್ಷದ ನಗು ಅದು. ಅದನ್ನು ಎದುರಿನಿಂದ ನೋಡಿದ್ದು ಅಂದೇ.

ಕಾರಿನಲ್ಲಿ ವಾಪಸ್ ಬರುವಾಗ ಗುರುಬಾಯಿ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಕೇಳಿದಳು.

‘ಇಲ್ಲೂ ಸಾಹೇಬ್ರಿಗೆ ಮದವಿ ಇತ್ತೇನ?’

ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ಕಾರು ಓಡಿಸುತ್ತಿದ್ದ ಶಿವಾನಂದರಿಗೆ ಮದುವೆಯ ಕಥೆ ಗೊತ್ತಿರಲಿಲ್ಲ, ಆದರೆ ಏನೋ ತಪ್ಪಾಗಿದೆ ಎಂದು ತಿಳಿಯಿತು. ನಾಡಿದ್ದು ಬಳಗದವರೆಲ್ಲ ಬಸ್ಸು ಮಾಡಿಕೊಂಡು ಒಂದು ಪ್ರಸಿದ್ಧ ಸೈನಿಕ ಸ್ಮಶಾನಕ್ಕೆ ಹೋಗುವುದಿತ್ತು. ಅಲ್ಲೇ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಳ್ಳೋಣ, ಅಲ್ಲಿ ತಾಯಿಯವರು ಸಾವಕಾಶವಾಗಿ ಮಾತಾಡಲಿ, ಸುಶೀಲಾ ಅಕ್ಕೋರು ವಂದನಾರ್ಪಣೆ ಮಾಡಲಿ ಎಂದರು. ಸಣ್ಣ ಕಾರ್ಯಕ್ರಮ ಎಂಬುದನ್ನು ನಾನು ಇದುವರೆಗೆ ಕಂಡಿಲ್ಲ, ಆದರೂ ಹೂಂ ಅಂದೆ.

ಗುಡ್ಡದ ಸ್ಮಶಾನ

ಊರ ಹೊರಗೆ ಒಂದು ದಿನ್ನೆ. ದೊಡ್ಡ ದೊಡ್ಡ ಮರಗಳು, ಕೆಳಗೆ ಕತ್ತರಿಸಿದ ಹುಲ್ಲು, ಹುಲ್ಲಿನಲ್ಲಿ ಅರ್ಧಚಂದ್ರದ ಆಕಾರದಲ್ಲಿ ಸಾಲು ಸಾಲು ಕಲ್ಲುಗಳು. ನಮಗೆ ವಿವರಿಸಲು ಬಂದವರು ಬಿಳಿ ಕೂದಲಿನ ಒಬ್ಬ ಹೆಂಗಸು. ನಿವೃತ್ತ ಸಾಲಿ ಟೀಚರಂತೆ, ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರಂತೆ. ನಿವೃತ್ತರಾದ ಮೇಲೂ ಬಾಯಿ ಸುಮ್ಮನಿರದ ರೋಗ ಜಗತ್ತಿನ ಎಲ್ಲ ಮಾಸ್ತರರಿಗೂ ಇದೆ ಎಂದು ತಿಳಿದು ಸಮಾಧಾನವಾಯಿತು.

ಅವರು ಹೇಳಿದ್ದು ಇಷ್ಟು. ನೂರೈವತ್ತು ವರ್ಷಕ್ಕೂ ಹಿಂದೆ ಈ ದೇಶ ಎರಡು ಹೋಳಾಗಿ ಅಣ್ಣತಮ್ಮಂದಿರೇ ಹೊಡೆದಾಡಿದರು. ಈ ಊರಿನ ಹೊಲಗಳಲ್ಲಿ ಮೂರು ದಿನ ಯುದ್ಧವಾಗಿ ಸಾವಿರಾರು ಜನ ಸತ್ತರು. ಅವರಿಗಾಗಿ ಈ ಸ್ಮಶಾನ ಮಾಡಿದಾಗ ದೊಡ್ಡ ಸಮಾರಂಭ ನಡೆಯಿತು. ಮುಖ್ಯ ಭಾಷಣಕಾರರು ಬೇರೆ ಒಬ್ಬ ದೊಡ್ಡ ವಾಗ್ಮಿ, ಅವರು ಎರಡು ತಾಸು ಮಾತಾಡಿದರು. ಆಮೇಲೆ ಆಗಿನ ರಾಷ್ಟ್ರಾಧ್ಯಕ್ಷರು, ಯುದ್ಧ ನಡೆಸುತ್ತಿದ್ದ ನಾಯಕರು, ಎದ್ದು ನಿಂತು ಸುಮಾರು ಮೂರು ನಿಮಿಷ ಮಾತಾಡಿ ಕೂತರು. ಫೋಟೋ ತೆಗೆಯುವವನು ಕ್ಯಾಮರಾ ಹೊಂದಿಸುವಷ್ಟರಲ್ಲಿ ಭಾಷಣ ಮುಗಿದಿತ್ತಂತೆ. ಎರಡು ತಾಸಿನದು ಈಗ ಯಾರಿಗೂ ನೆನಪಿಲ್ಲ, ಮೂರು ನಿಮಿಷದ್ದನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ.

ನಮ್ಮಲ್ಲಾಗಿದ್ದರೆ ಫೋಟೋ ಬರದ ಭಾಷಣವನ್ನು ಮತ್ತೊಮ್ಮೆ ಮಾಡಿಸುತ್ತಿದ್ದೆವು. ನಾನು ಆ ಟೀಚರಮ್ಮನಿಗೆ ಒಂದು ಪ್ರಶ್ನೆ ಕೇಳಿದೆ: ಮೂರು ನಿಮಿಷದಲ್ಲಿ ವೇದಿಕೆಯ ಮೇಲಿದ್ದವರ ಹೆಸರುಗಳನ್ನು ಹೇಗೆ ಮುಗಿಸಿದರು? ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಎರಡನೆಯ ಸಲ ಕೇಳಿದ ಮೇಲೆ ನಕ್ಕು, ಆ ಭಾಷಣದಲ್ಲಿ ಯಾರ ಹೆಸರೂ ಇಲ್ಲ ಎಂದರು. ಸೇನಾಪತಿಯ ಹೆಸರಿಲ್ಲ, ಗಣ್ಯರ ಹೆಸರಿಲ್ಲ, ತಮ್ಮದೂ ಇಲ್ಲ. ದೇಶ ಯಾವ ಮಾತಿನ ಮೇಲೆ ಹುಟ್ಟಿತು ಎಂದು ನೆನಪಿಸಿದರಂತೆ, ಮನುಷ್ಯರೆಲ್ಲ ಸಮಾನರು ಎಂಬ ಮಾತು. ಸತ್ತವರು ತಮ್ಮ ಪಾಲಿನದು ಮಾಡಿ ಹೋದರು, ನಾವು ಇಲ್ಲಿ ಏನು ಮಾತಾಡಿದರೂ ಅದಕ್ಕೆ ಏನೂ ಕೂಡುವುದಿಲ್ಲ, ಅವರು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸುವುದು ಬದುಕಿದವರ ಕೆಲಸ ಎಂದರಂತೆ. ಅಷ್ಟೇ. ಹೆಸರು ಓದಿಯೇ ದೊಡ್ಡವಳಾದ ನನಗೆ ಕಾಲ ಕೆಳಗಿನ ನೆಲ ಸ್ವಲ್ಪ ಅಲುಗಿತು.

ಶಿವಾನಂದರು ಆ ಭಾಷಣವನ್ನು ಕನ್ನಡಕ್ಕೆ ತಂದು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದ್ದರು. ಮೂರು ನಿಮಿಷದ್ದು ಎಂಟು ಪುಟವಾಗಿತ್ತು. ಮೊದಲ ಐದು ಪುಟ ಅನುವಾದಕರ ಮಾತು.

ಇದನ್ನೆಲ್ಲ ಕೇಳುವ ಭರದಲ್ಲಿ ಗುರುಬಾಯಿಯನ್ನು ಮರೆತಿದ್ದೆ. ತಿರುಗಿ ನೋಡಿದರೆ ಅವಳು ಇಲ್ಲ. ಹುಡುಕಿದಾಗ ಅತ್ತ ಮರದ ನೆರಳಿನಲ್ಲಿ ಸಿಕ್ಕಳು. ಹುಲ್ಲಿನಲ್ಲಿ ಮೊಣಕಾಲಿಗಿಂತ ತಗ್ಗಾದ ಚೌಕು ಕಲ್ಲುಗಳು ಸಾಲಾಗಿದ್ದವು, ಒಂದೊಂದರ ಮೇಲೂ ಒಂದು ನಂಬರು ಕೆತ್ತಿತ್ತು. ಚಪ್ಪಲಿ ಕಳಚಿಟ್ಟು ಅವುಗಳಲ್ಲಿ ಒಂದರ ಮೇಲೆ ಕೂತು ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದಳು. ನನ್ನನ್ನು ಕಂಡು ಸುತ್ತಲೂ ಕೈ ತೋರಿಸಿದಳು.

‘ಇದೇನ ಸುಸೀಲಾ, ಹೊಲಾ ಇಷ್ಟ ಸಣ್ಣ ಸಣ್ಣ ತುಂಡ ಮಾಡ್ಯಾರ? ಎಷ್ಟ ಮಂದಿ ಅಣ್ತಮ್ಮಗೋಳ ಪಾಲ ಆಗ್ಯಾರೋ ಏನೋ. ಒಂದ ಕುರಿ ನಿಲ್ಲೂವಷ್ಟ ಜಾಗಾಕ್ಕೂ ನಂಬರ ಹಾಕ್ಯಾರ ನೋಡ.’

ಅವಳು ಅವನ್ನು ಸರ್ವೆ ಕಲ್ಲು ಎಂದು ತಿಳಿದಿದ್ದಳು. ಹೊಲ ಅಳೆಯುವವರು ಬಂದು ಬಾಂದಿನ ಮೇಲೆ ನಂಬರು ಹಾಕಿದ ಕಲ್ಲು ನೆಡುತ್ತಾರಲ್ಲ, ಅದು. ನಮ್ಮ ತಾಲ್ಲೂಕಿನಲ್ಲಿ ನಂಬರು ಇರುವ ಕಲ್ಲಿಗೆ ಬೇರೆ ಅರ್ಥ ಇಲ್ಲ. ಬಾಂದಿನ ಕಲ್ಲಿನ ಮೇಲೆ ಕೂತು ಬುತ್ತಿ ಉಣ್ಣದವರೂ ಇಲ್ಲ.

ನನಗೆ ನಗು ಬಂತು. ಅಷ್ಟರಲ್ಲಿ ಟೀಚರಮ್ಮ ಅವಸರದಿಂದ ಬಂದು ಮೆಲ್ಲಗೆ ಹೇಳಿದರು. ಈ ಕಲ್ಲುಗಳ ಕೆಳಗಿರುವವರು ಯಾರೆಂದು ಗೊತ್ತಾಗಲಿಲ್ಲ. ಹೆಣ ಸಿಕ್ಕಿತು, ಹೆಸರು ಸಿಗಲಿಲ್ಲ. ಆದ್ದರಿಂದ ನಂಬರು.

ನಾನು ಅದನ್ನು ಗುರುಬಾಯಿಗೆ ಹೇಳಿದೆ. ರೊಟ್ಟಿ ಕೈಯಲ್ಲೇ ನಿಂತಿತು. ನಿಧಾನವಾಗಿ ಎದ್ದಳು.

‘ಅಯ್ಯ ಶಿವನ. ಕೂಸಿನ ಎದಿ ಮ್ಯಾಲ ಕುಂತಿದ್ನೆಲ್ಲ.’

ಇವರ ಅವ್ವಂದಿರಿಗೆ ತಮ್ಮದು ಯಾವುದು ಎಂದು ತಿಳಿಯಲೇ ಇಲ್ಲವೇನು ಎಂದು ಕೇಳಿದಳು. ನಾನು ಟೀಚರಮ್ಮನನ್ನು ಕೇಳಿದೆ. ಅವರು ಇಲ್ಲ ಎಂದು ತಲೆ ಅಲ್ಲಾಡಿಸಿದರು. ಗುರುಬಾಯಿ ಕಲ್ಲಿನ ಮೇಲೆ ಬಿದ್ದಿದ್ದ ರೊಟ್ಟಿಯ ಚೂರನ್ನು ಸೆರಗಿನಿಂದ ಒರೆಸಿದಳು. ಚೀಲದಿಂದ ಉಳಿದ ಒಂದು ವಿಭೂತಿ ಗಟ್ಟಿ ತೆಗೆದು, ನೀರಿನ ಬಾಟಲಿಯಿಂದ ಬೆರಳು ಒದ್ದೆ ಮಾಡಿ, ನಂಬರಿನ ಕೆಳಗೆ ಮೂರು ಗೆರೆ ಎಳೆದಳು. ಆಮೇಲೆ ಪಕ್ಕದ ಕಲ್ಲಿಗೆ ಹೋದಳು.

ಹಾಗೆ ಮಾಡಬಾರದೆಂದು ಅಲ್ಲಿ ಫಲಕವೇ ಇತ್ತು. ಟೀಚರಮ್ಮ ಫಲಕ ನೋಡಿದರು, ಗುರುಬಾಯಿಯನ್ನು ನೋಡಿದರು, ಆಮೇಲೆ ಬೆನ್ನು ತಿರುಗಿಸಿ ಮರದ ತುದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಪರೀಕ್ಷೆಯ ಕೋಣೆಯಲ್ಲಿ ನಾನೂ ಎಷ್ಟೋ ಸಲ ಹಾಗೆ ಕಿಟಕಿಯ ಹೊರಗೆ ನೋಡಿದ್ದೇನೆ. ಗಟ್ಟಿ ಕರಗಿ ಮುಗಿಯುವವರೆಗೂ ಅವರು ಈ ಕಡೆ ತಿರುಗಲಿಲ್ಲ.

ಸಣ್ಣ ಕಾರ್ಯಕ್ರಮ

ಹುಲ್ಲಿನ ಬಯಲಿನಲ್ಲಿ ಬ್ಯಾನರು ಬಿಚ್ಚಿದರು. ಬ್ಯಾನರಿನಲ್ಲಿ ಎಡಕ್ಕೆ ಆ ನಾಯಕರ ಚಿತ್ರ, ಬಲಕ್ಕೆ ಶಿವಾನಂದರ ಚಿತ್ರ. ಶಿವಾನಂದರದು ತುಸು ದೊಡ್ಡದು. ಕಾವಲಿನವನು ಬಂದು ಬ್ಯಾನರು ನಡೆಯುವುದಿಲ್ಲ ಅಂದ. ಒಂದು ಫೋಟೋ ತೆಗೆದುಕೊಂಡು ಮಡಚಿದರು.

ಮೂವತ್ತು ಜನ ಇದ್ದೆವು. ಮೂವತ್ತೂ ಜನ ಗಣ್ಯರು. ಸಭಿಕರೆಂದರೆ ನೆಲದ ಕೆಳಗಿದ್ದವರೇ. ಕುತ್ತಿಗೆಗೆ ತೂಗುಹಾಕಿದ ಸಣ್ಣ ಸ್ಪೀಕರಿನಲ್ಲಿ ಶಿವಾನಂದರು ಒಬ್ಬೊಬ್ಬರನ್ನೂ ಸ್ವಾಗತಿಸಿದರು. ಪ್ರಾರ್ಥನೆಯಾಯಿತು. ಆಮೇಲೆ ಅವರು ಆ ನಾಯಕರ ಮಾತಿನ ಮಿತವ್ಯಯದ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಒಂದು ಶಬ್ದವೂ ಹೆಚ್ಚಾಗಬಾರದು ಎಂಬುದನ್ನು ಏಳೆಂಟು ಸಲ ಹೇಳಿದರು. ದೇಶಕ್ಕಾಗಿ ಮಕ್ಕಳನ್ನು ನಗುನಗುತ್ತ ಕೊಡುವ ತಾಯಂದಿರ ಬಗ್ಗೆ ಹೇಳುವಾಗ ಅವರ ದನಿ ನಡುಗಿತು. ನಿಜವಾಗಿಯೇ ನಡುಗಿತು, ಅದನ್ನು ನಾನು ಆಡಿಕೊಳ್ಳುವುದಿಲ್ಲ.

ಕೆಳಗಿನಿಂದ ಬಸ್ಸಿನ ಡ್ರೈವರ್ ಕೈ ತೋರಿಸಿದ. ಶಿವಾನಂದರು ಗಡಿಯಾರ ನೋಡಿಕೊಂಡರು. ‘ಸಮಯದ ಅಭಾವದಿಂದ ಈಗ ನೇರವಾಗಿ ವಂದನಾರ್ಪಣೆ’ ಎಂದು ನನ್ನ ಹೆಸರು ಕರೆದು ಮೈಕು ಕೊಟ್ಟರು.

ಗುರುಬಾಯಿ ಎದ್ದು ನಿಂತಿದ್ದಳು. ಕೂತುಕೊಂಡಳು. ಸೆರಗು ಸರಿ ಮಾಡಿಕೊಂಡಳು. ಎರಡು ವರ್ಷದ ಹಿಂದೆ ಮಾಡಿದ ಹಾಗೆಯೇ.

ನನ್ನ ಕೈಯಲ್ಲಿ ವಂದಿಸಬೇಕಾದವರ ಚೀಟಿ ಇತ್ತು, ಎರಡೂ ಬದಿ ಹೆಸರು. ಬಾಯಿ ತನ್ನಷ್ಟಕ್ಕೆ ತಾನೇ ‘ವೇದಿಕೆಯ ಮೇಲೆ’ ಎಂದು ಶುರುಮಾಡಿತು. ವೇದಿಕೆ ಇರಲಿಲ್ಲ. ಬರೀ ಹುಲ್ಲು, ಅದರಾಚೆ ಮರದ ಕೆಳಗೆ ವಿಭೂತಿ ಹಚ್ಚಿಕೊಂಡ ನಂಬರುಗಳು. ನಲವತ್ತು ವರ್ಷದಲ್ಲಿ ಮೊದಲ ಸಲ ನನಗೆ ಕೊಟ್ಟ ಚೀಟಿಯನ್ನು ಓದಲಿಲ್ಲ. ವಂದನಾರ್ಪಣೆ ಇಲ್ಲ, ಈಗ ಸಂಗಮೇಶನ ತಾಯಿ ಮಾತಾಡುತ್ತಾರೆ ಅಂದೆ. ಶಿವಾನಂದರು ಏನೋ ಅನ್ನಲು ಬಂದರು. ಬಸ್ಸು ಕಾಯುತ್ತದೆ, ಕೂತುಕೊಳ್ಳಿ ಎಂದು ಅವರಿಗೆ ಹೇಳಿದೆ. ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿರಬೇಕು, ಹುಲ್ಲಿನ ಮೇಲೆ ಕೂತೇಬಿಟ್ಟರು.

ಗುರುಬಾಯಿ ಮೈಕನ್ನು ಕೈಯಿಂದ ಸರಿಸಿದಳು. ಎಮ್ಮೆಯ ಮುಂದೆ ಮೈಕು ಇರಲಿಲ್ಲವಲ್ಲ.

‘ನನ್ನ ಮಗನ ಹೆಸರ ಸಂಗಮೇಶ. ಮನ್ಯಾಗ ಸಂಗು ಅಂತಿದ್ವಿ. ಅಂವಗ ಥಂಡಿ ತಡೀತಿರಲಿಲ್ಲರಿ. ಎಳ್ಳಮಾಸಿ ಹಬ್ಬದ ಮುಂದ ಎರಡ ಕೌದಿ ಹೊತಗೊಂಡ ಮಕ್ಕೋತಿದ್ದ. ಅಂಥಾಂವನ್ನ ಬರ್ಫದಾಗ ನಿಂದರ್ಸಿದ್ರು. ನಾ ಹಳೀ ಸೀರಿ ಕೂಡ್ಸಿ ಒಂದ ಕೌದಿ ಹೊಲಿದ ಕಳಿಸಿದ್ದೆ. ಅಂವನ ಟ್ರಂಕಿನ್ಯಾಗ ಮಡಚಿದ್ದ ಘಳಿಗಿ ಬಿಚ್ಚದ ಹಂಗ ತಿರಗಿ ಬಂತು. ಎಲ್ಲಾರೂ ಅಂತಾರ, ಈಕಿ ನಕ್ಕೋತ ಮಗನ್ನ ಕೊಟ್ಳು ಅಂತ. ನಾ ಕೊಟ್ಟಿಲ್ಲರಿ. ನನ್ನ ಯಾರೂ ಕೇಳೂ ಇಲ್ಲ. ಎಳ್ಳಮಾಸಿಗೆ ಬರ್ತೇನಿ ಅಂತ ಹೇಳಿ ಹೋಗಿದ್ದ. ಇಷ್ಟರಿ. ಇದನ್ನ ಹೇಳೂದಿತ್ತು.’

ಮೂರು ನಿಮಿಷ ಬೇಕಾಗಲಿಲ್ಲ. ಫೋಟೋ ತೆಗೆಯಲು ಮೊಬೈಲ್ ಎತ್ತಿದ್ದವರು ಹಾಗೇ ಇಳಿಸಿದರು. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಶಿವಾನಂದರು ಟೋಪಿ ತೆಗೆದು ಹುಲ್ಲು ನೋಡುತ್ತ ಕೂತಿದ್ದರು. ದೂರ ನಿಂತಿದ್ದ ಟೀಚರಮ್ಮ ಹತ್ತಿರ ಬಂದು ಏನು ಹೇಳಿದರು ಎಂದು ಕೇಳಿದರು. ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಕೌದಿಗೆ ಶಬ್ದ ಸಿಗಲಿಲ್ಲ, ತಾಯಿ ಹೊಲಿದ ಹೊದಿಕೆ ಅಂದೆ. ಅವರು ಹುಡುಗನ ಹೆಸರು ಇನ್ನೊಮ್ಮೆ ಹೇಳಿಸಿಕೊಂಡು, ಗುರುಬಾಯಿಯ ಕೈ ಹಿಡಿದು, ‘ಸಂಗು’ ಎಂದು ಎರಡು ಸಲ ಅಂದರು. ಎರಡನೆಯ ಸಲ ಸರಿಯಾಗಿಯೇ ಬಂತು.

ಬಸ್ಸಿನಲ್ಲಿ

ಬಸ್ಸಿನಲ್ಲಿ ಯಾರೂ ಅಂತ್ಯಾಕ್ಷರಿ ಆಡಲಿಲ್ಲ. ಬರುವಾಗ ಆಡಿದ್ದರು. ಗುರುಬಾಯಿ ಕಿಟಕಿಯ ಕಡೆ ಕೂತಿದ್ದಳು, ಈ ಸಲ ಪರದೆ ತೆರೆದಿದ್ದಳು. ಹೊರಗೆ ಮೆಕ್ಕೆಜೋಳದ ಹೊಲಗಳು ಹೋಗುತ್ತಿದ್ದವು. ಬೆಳೆ ಚಲೋ ಇದೆ ಅಂದಳು.

ನನಗೆ ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಅಂದು ಊರಲ್ಲಿ ಅವಳ ಮಾತು ತೆಗೆದದ್ದು ಸಾಹೇಬರಲ್ಲ, ಅವರ ಕಡೆಯವರೂ ಅಲ್ಲ, ನಾನೇ. ಜಗಳಾಡುವವರ ಹೆಸರು ಬಿಡಲು ಹೆದರಿ, ಸುಮ್ಮನಿರುವವಳ ಹೆಸರು ಬಿಟ್ಟೆ ಎಂದು ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು. ಮೈಕಿಲ್ಲದೆ ಮಾತಾಡಿ ರೂಢಿ ಇಲ್ಲ.

ಅವಳು ಹೊಲ ನೋಡುವುದನ್ನು ಬಿಡಲಿಲ್ಲ.

‘ಗೊತ್ತೈತಿ. ನಿನ್ನ ಮಗ್ಗಲದಾಗ ಕುಂತಿದ್ದೆ. ನನಗ ಓದಾಕ ಬರೂದಿಲ್ಲ ಖರೆ. ಗೀಟ ಹೊಡದ್ರ ತಿಳೀತೈತಿ.’

ನನ್ನ ಇಂಗ್ಲಿಷ್, ನನ್ನ ಹಿಗ್ಗು, ಎಲ್ಲ ಒಮ್ಮೆಲೇ ನೆನಪಾದವು. ಹಾಗಾದರೆ ನನ್ನನ್ನೇ ಕರೆದುಕೊಂಡು ಬರುತ್ತೇನೆಂದು ಯಾಕೆ ಹಟ ಹಿಡಿದೆ ಅಕ್ಕಾ ಎಂದು ಕೇಳಿದೆ.

‘ಮತ್ತ? ನೀನ ಹೊಡದ ಗೀಟು. ನೀನ ಅಳಸಬೇಕಲ್ಲ.’

ಅಷ್ಟು ಹೇಳಿ ಚಂಚಿ ಬಿಚ್ಚಿ, ಮಡಚಿದ ಹಾಳೆಯನ್ನು ತೆಗೆದು ನನ್ನ ಕೈಯಲ್ಲಿಟ್ಟು, ಎಲೆಗೆ ಸುಣ್ಣ ಹಚ್ಚತೊಡಗಿದಳು.